ಎರಡು ದೇಶಗಳ ನಿವ್ವಳ ವಿದೇಶಿ ಹೂಡಿಕೆ ಹೋಲಿಸುವುದು ಹೇಗೆ?

2024–25ರಲ್ಲಿ ಭಾರತಕ್ಕೆ ಬಂದ ವಿದೇಶಿ ನೇರ ಹೂಡಿಕೆ, ಅಂದರೆ ಎಫ್‌ಡಿಐ, ಸುಮಾರು 8,100 ಕೋಟಿ ಡಾಲರ್. ಅದೇ ವರ್ಷದ ನಿವ್ವಳ ಎಫ್‌ಡಿಐ ಬರೀ 35 ಕೋಟಿ ಡಾಲರ್. ಎರಡೂ 2025ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಕೊಟ್ಟ ಅಂಕಿಗಳೇ. ಹಾಗಿದ್ದರೆ, ಉದಾಹರಣೆಗೆ ವಿಯೆಟ್ನಾಂ ಜೊತೆ ಹೋಲಿಸುವಾಗ ಯಾವುದನ್ನು ಹಿಡಿಯಬೇಕು?

ಮೊದಲು ‘ನಿವ್ವಳ’ ಯಾವುದು ಅಂತ ತೀರ್ಮಾನಿಸಿ. ಮೇಲಿನ ಲೆಕ್ಕವನ್ನೇ ಬಿಡಿಸೋಣ. ಬಂದದ್ದು 8,100 ಕೋಟಿ. ಇಲ್ಲಿದ್ದ ವಿದೇಶಿ ಕಂಪನಿಗಳು ಷೇರು ಮಾರಿ, ಬಂಡವಾಳ ಹಿಂತೆಗೆದು ವಾಪಸ್ ಒಯ್ದದ್ದು ಸುಮಾರು 5,150 ಕೋಟಿ. ಉಳಿದದ್ದು 2,950 ಕೋಟಿ. ಇದು ಒಂದು ನಿವ್ವಳ. ನಮ್ಮ ಕಂಪನಿಗಳು ಹೊರದೇಶಗಳಲ್ಲಿ ಹೂಡಿದ ಸುಮಾರು 2,920 ಕೋಟಿಯನ್ನೂ ಕಳೆದರೆ 35 ಕೋಟಿಯ ಆಸುಪಾಸಿಗೆ ಬರುತ್ತೇವೆ. ಇದು ಇನ್ನೊಂದು ನಿವ್ವಳ. ವಿಶ್ವಬ್ಯಾಂಕಿನ ‘ನಿವ್ವಳ ಒಳಹರಿವು’ ಮೊದಲನೆಯ ಬಗೆಯದು. ಒಂದು ದೇಶಕ್ಕೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ಹಿಡಿದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಎರಡನೆಯದು, ಎರಡೂ ದೇಶದ ಅಂಕಿ ಒಂದೇ ಕಡೆಯಿಂದ ತೆಗೆದುಕೊಳ್ಳಿ. ವಿಶ್ವಬ್ಯಾಂಕಿನ ಜಾಲತಾಣದಲ್ಲಿ ಎಲ್ಲವೂ ಉಚಿತ. ಸರ್ಕಾರಗಳು ಕೊಡುವ ಅಂಕಿಯ ಅರ್ಥ ಬೇರೆ ಇರಬಹುದು. ವಿಯೆಟ್ನಾಂ ಸರ್ಕಾರ 2023ಕ್ಕೆ ಸುಮಾರು 3,660 ಕೋಟಿ ಡಾಲರ್ ಎಂದು ಹೇಳಿತ್ತು. ಅದು ನೋಂದಣಿಯಾದ ಮೊತ್ತ, ಅಂದರೆ ಹೂಡುತ್ತೇವೆ ಎಂಬ ಮಾತು. ನಿಜಕ್ಕೂ ಹೂಡಿಕೆಯಾದದ್ದು 2,318 ಕೋಟಿ. ನಮ್ಮಲ್ಲಿ ಹೂಡಿಕೆದಾರರ ಸಮಾವೇಶದಲ್ಲಿ ಸಹಿ ಬೀಳುವ ಒಪ್ಪಂದಕ್ಕೂ ಕೈಗೆ ಬರುವ ಹಣಕ್ಕೂ ಇರುವ ಅಂತರವೇ ಇದು, ಅಲ್ವಾ?

ವರ್ಷವನ್ನೂ ಗಮನಿಸಿ. ರಿಸರ್ವ್ ಬ್ಯಾಂಕಿನ ವರ್ಷ ಏಪ್ರಿಲ್‌ನಿಂದ ಮಾರ್ಚ್, ವಿಯೆಟ್ನಾಂದು ಜನವರಿಯಿಂದ ಡಿಸೆಂಬರ್.

ವಿಶ್ವಬ್ಯಾಂಕಿನಲ್ಲೇ ‘ಎಫ್‌ಡಿಐ, ನಿವ್ವಳ’ ಎಂಬ ಬೇರೆ ಸಾಲೂ ಇದೆ. ಅದು ಎರಡನೆಯ ಬಗೆಯದು. ಅಲ್ಲಿ ಭಾರತದ ಮುಂದೆ ಮೈನಸ್ ಕಂಡರೆ ಗಾಬರಿ ಬೇಡ. ಹೊರಗೆ ಹೋದದ್ದರಿಂದ ಒಳಗೆ ಬಂದದ್ದನ್ನು ಕಳೆಯುತ್ತಾರೆ. ಹಾಗಾಗಿ ಅಲ್ಲಿ ಮೈನಸ್ ಎಂದರೆ ಹಣ ಬಂದಿದೆ ಅಂತಲೇ ಅರ್ಥ. ಈ ಚಿಹ್ನೆಯನ್ನು ತಿರುವುಮುರುವಾಗಿ ಓದಿದರೆ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ.

ಈಗ ಜಿಡಿಪಿಯಿಂದ, ಅಂದರೆ ದೇಶದ ವರ್ಷದ ಒಟ್ಟು ಉತ್ಪನ್ನದ ಮೌಲ್ಯದಿಂದ, ಭಾಗಿಸಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ವಿಶ್ವಬ್ಯಾಂಕಿನ ಲೆಕ್ಕದಂತೆ 2020ರಲ್ಲಿ ಭಾರತದ ನಿವ್ವಳ ಒಳಹರಿವು ಸುಮಾರು 6,400 ಕೋಟಿ ಡಾಲರ್, ವಿಯೆಟ್ನಾಂದು 1,580 ಕೋಟಿ. 2023ರಲ್ಲಿ ಭಾರತದ್ದು ಸುಮಾರು 2,800 ಕೋಟಿಗೆ ಇಳಿಯಿತು, ವಿಯೆಟ್ನಾಂದು 1,850 ಕೋಟಿಗೆ ಏರಿತು. ಮೊತ್ತ ನೋಡಿದರೆ ಈಗಲೂ ನಾವೇ ಮುಂದೆ. ಆದರೆ ಜಿಡಿಪಿಯ ಪಾಲು ತೆಗೆಯಿರಿ: 2023ರಲ್ಲಿ ನಮ್ಮದು ಶೇ 0.8ರಷ್ಟು, ಅವರದು ಶೇ 4ಕ್ಕೂ ಜಾಸ್ತಿ. ಸ್ಯಾಮ್‌ಸಂಗ್ ಫೋನ್ ಕಾರ್ಖಾನೆಗಳಂಥ ಹೂಡಿಕೆ ಆ ಪುಟ್ಟ ದೇಶಕ್ಕೆ ಎಷ್ಟು ದೊಡ್ಡದು ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ. 2020ರಲ್ಲಿ ಜಿಯೋ ಪ್ಲಾಟ್‌ಫಾರ್ಮ್ಸ್‌ಗೆ ಫೇಸ್‌ಬುಕ್ ಒಂದೇ ₹43,574 ಕೋಟಿ ಹಾಕಿತು. ಅಂಥ ಹೂಡಿಕೆ ಪ್ರತಿ ವರ್ಷ ಬರುವುದಿಲ್ಲ. ಎಕ್ಸೆಲ್‌ನಲ್ಲಿ ಮೂರು ವರ್ಷದ ಸರಾಸರಿ ತೆಗೆದು ಗೆರೆ ಎಳೆಯಿರಿ, ಏರಿಳಿತ ಹದಕ್ಕೆ ಬರುತ್ತದೆ.

ಗೆರೆ ಕೆಳಗಿಳಿದ ಕಡೆ ಕಾರಣ ಹುಡುಕಿ. 2024ರ ಅಕ್ಟೋಬರ್‌ನಲ್ಲಿ ಹುಂಡೈ ಮೋಟಾರ್ ಇಂಡಿಯಾ ಐಪಿಒ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರಾಟ, ಬಂತಲ್ಲ, ಅದರ ₹27,870 ಕೋಟಿಯೂ ಕೊರಿಯಾದ ಮೂಲ ಕಂಪನಿಗೆ ಸೇರಿದ್ದು. ಹಾಗೆ ಷೇರು ಮಾರಿ ಹಣ ಒಯ್ದರೆ ಲೆಕ್ಕದಲ್ಲಿ ಅದು ‘ವಾಪಸಾತಿ’. ಆದರೆ ಶ್ರೀಪೆರಂಬದೂರಿನ ಕಾರ್ಖಾನೆ ಎಲ್ಲಿಗೂ ಹೋಗಲಿಲ್ಲ, ಕಾರು ತಯಾರಾಗುತ್ತಲೇ ಇದೆ. ಬೀಗ ಹಾಕಿಕೊಂಡು ಹೋಗುವ ಕಂಪನಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಕೊನೆಗೆ, ಅಂಕಿ ಇಳಿಸಿಕೊಂಡ ದಿನಾಂಕವನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ. ಹಳೆಯ ವರ್ಷಗಳ ಅಂಕಿಗಳನ್ನೂ ಆಗಾಗ ತಿದ್ದುತ್ತಾರೆ.