ಬಿಡಿಸುವ ಮೊದಲು ಅವರಿಗೇನು ಬೇಕು ಅಂತ ಕೇಳುತ್ತೇನೆ

ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿಗೆ ಕುಡಿತದ ಸಮಸ್ಯೆ ಇರುವವರು ತಾವಾಗಿ ಬರುವುದು ಕಡಿಮೆ. ಮನೆಯವರು ಕರೆತರುತ್ತಾರೆ. "ಹೇಗಾದ್ರೂ ಬಿಡಿಸಿಬಿಡಿ ಡಾಕ್ಟ್ರೇ" ಅನ್ನುವವರೂ ಅವರೇ. ಕುಡಿಯುವವರು ತಲೆ ತಗ್ಗಿಸಿ ಕೂತಿರುತ್ತಾರೆ. ನಾನು ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, "ನಿಮಗೆ ಈಗ ಏನು ಸರಿಹೋಗಬೇಕು?" ಅಂತ ಕೇಳುತ್ತೇನೆ.

ಒಬ್ಬ ಗಾರೆ ಮೇಸ್ತ್ರಿ, "ಬೆಳಗ್ಗೆ ಕೈ ನಡುಗಬಾರದು. ಕರಣೆ ಹಿಡಿಯೋಕಾಗಲ್ಲ" ಅಂದರು. ಕುಡಿತ ಬಿಡುವ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನಡುಕದ ಬಗ್ಗೆಯೇ ಮಾತಾಡಿದೆವು. ದಿನಾ ಕುಡಿದು ಅಭ್ಯಾಸವಾದ ಮೆದುಳು, ರಾತ್ರಿಯ ಎಣ್ಣೆ ಇಳಿದ ಕೂಡಲೇ ಕೆರಳುತ್ತದೆ. ಬೆಳಗ್ಗೆ ಒಂದು ನೈಂಟಿ ಹಾಕಿದರೆ ನಡುಕ ನಿಲ್ಲುತ್ತದೆ, ಮಾರನೇ ದಿನ ಮತ್ತೆ ಹಾಜರ್. ಇಷ್ಟು ಕೇಳಿ, "ಹಾಗಾದ್ರೆ ಬೆಳಗಿನದನ್ನೇ ನಿಲ್ಲಿಸಬೇಕಲ್ಲ" ಅಂತ ಅವರೇ ಹೇಳಿದರು. ವಾರ ಕೆಲಸ ಬಿಟ್ಟು ಅಡ್ಮಿಟ್ ಆದರು. ಕ್ಲೋರ್‌ಡಯಜೆಪಾಕ್ಸೈಡ್ ಅನ್ನುವ, ಕೆರಳಿದ ಮೆದುಳನ್ನು ತಣ್ಣಗಾಗಿಸುವ ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ದಿನದಿನಕ್ಕೆ ಇಳಿಸಿದೆವು, ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್. ಆಮೇಲೆ ಲಿವರ್ ಪರೀಕ್ಷೆ ಮಾಡಿಸಿ ನಾಲ್ಟ್ರೆಕ್ಸೋನ್ ಶುರು ಮಾಡಿದೆ. ಇದು ಕುಡಿದಾಗ ಸಿಗುವ ಖುಷಿಯನ್ನು ತಗ್ಗಿಸುತ್ತದೆ, ಪೂರ್ತಿ ಬಿಡದವರಿಗೂ ಕೊಡಬಹುದು. ಬಟವಾಡೆಯ ದಿನ ಅವರು ಈಗಲೂ ಸ್ವಲ್ಪ ಕುಡಿಯುತ್ತಾರೆ. ಬೆಳಗಿನದು ನಿಂತಿದೆ, ಕೆಲಸ ತಪ್ಪುತ್ತಿಲ್ಲ. ನನ್ನ ಪ್ರಕಾರ ಇದು ದೊಡ್ಡ ಗೆಲುವು.

ನವೆಂಬರ್ ಹತ್ತಿರ ಬಂದರೆ ಇನ್ನೊಂದು ಗುರಿ ಕೇಳಿಬರುತ್ತದೆ: ಅಯ್ಯಪ್ಪನ ಮಾಲೆ ಹಾಕಬೇಕು. 41 ದಿನದ ವ್ರತ ಅಂದರೆ ಒಂದು ಹನಿಯೂ ಮುಟ್ಟುವಂತಿಲ್ಲ. ಇಷ್ಟು ಗಟ್ಟಿ ಮನಸ್ಸನ್ನು ಯಾವ ಮಾತ್ರೆಯೂ ಕೊಡಲಾರದು. ಆದರೆ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಜ್ವರ, ಗಾಬರಿ ಶುರುವಾಗಿ ಪ್ರಾಣಕ್ಕೇ ಕುತ್ತಾಗುವುದುಂಟು. ಅದಕ್ಕೇ ಮಾಲೆಗೆ ಹದಿನೈದು ದಿನ ಮುಂಚೆ ಬನ್ನಿ ಅನ್ನುತ್ತೇನೆ. ಮಾಲೆ ತೆಗೆಯುವ ಮೊದಲೂ ಒಮ್ಮೆ ಕರೆಸಿಕೊಂಡು, ಮುಂದೇನು ಅಂತ ಕೇಳುತ್ತೇನೆ. ಹೀಗೇ ಇರ್ತೀನಿ ಅನ್ನುವವರಿಗೆ ಬೇರೆ ಔಷಧಿ, ಹಬ್ಬಕ್ಕೆ ಮಾತ್ರ ಅನ್ನುವವರಿಗೆ ಬೇರೆ ಯೋಜನೆ.

ಎಲ್ಲ ಗುರಿಗೂ ತಲೆಯಾಡಿಸುವುದಿಲ್ಲ. ಲಿವರ್ ಕೆಟ್ಟು ರಕ್ತ ವಾಂತಿ ಮಾಡಿಕೊಂಡವರು "ಕಡಿಮೆ ಮಾಡ್ತೀನಿ" ಅಂದರೆ, ನಿಮಗೆ ಕಡಿಮೆಯೂ ಅಪಾಯ ಅಂತ ನೇರವಾಗಿಯೇ ಹೇಳುತ್ತೇನೆ. ಒಪ್ಪದಿದ್ದರೂ ಮುಂದಿನ ಮಂಗಳವಾರ ಬನ್ನಿ ಅನ್ನುತ್ತೇನೆ.

ಮನೆಯವರ ನೋವೂ ಚಿಕ್ಕದಲ್ಲ. "ಸಾರಿಗೆ ಹಾಕೋ ಮಾತ್ರೆ ಕೊಡಿ, ಅವರಿಗೆ ಗೊತ್ತಾಗೋದು ಬೇಡ" ಅಂತ ಕೇಳುವ ಹೆಂಡತಿಯರು ಎಷ್ಟೋ ಜನ. ಅದು ಡೈಸಲ್ಫಿರಾಮ್. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವವೂ ಹೋಗಬಹುದು. ನಿಲ್ಲಿಸಿದ ಮೇಲೂ ಅದರ ಪ್ರಭಾವ ಎರಡು ವಾರದವರೆಗೆ ಇರಬಹುದು. ಗೊತ್ತಿಲ್ಲದಂತೆ ಕೊಡಲು ನಾನು ಯಾವತ್ತೂ ಒಪ್ಪುವುದಿಲ್ಲ. "ಅಮ್ಮಾ, ನಿಮಗೆ ಮೊದಲು ಯಾವುದು ನಿಲ್ಲಬೇಕು?" ಅಂತ ಕೇಳುತ್ತೇನೆ. ರಾತ್ರಿ ಮಕ್ಕಳೆದುರು ಗಲಾಟೆ ಬೇಡ, ರೇಷನ್ ದುಡ್ಡು ಮುಟ್ಟಬಾರದು ಅನ್ನುತ್ತಾರೆ. ಗಂಡನನ್ನೂ ಕೂರಿಸಿಕೊಂಡು ಇಬ್ಬರ ಮಾತನ್ನೂ ಒಂದೇ ಓಪಿಡಿ ಚೀಟಿಯಲ್ಲಿ ಬರೆಯುತ್ತೇನೆ. ಮುಂದಿನ ಸಲ ಮೊದಲು ಕೇಳುವುದು ಅದನ್ನೇ, ಎಷ್ಟು ಕ್ವಾರ್ಟರ್ ಅನ್ನುವುದು ಆಮೇಲೆ.

ಆಸ್ಪತ್ರೆಗೆ ಬರಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.