ಡೇಟಿಂಗ್ ಆ್ಯಪ್ ಹಾಕ್ಕೊಳ್ಳೋ ಮುಂಚೆ ಒಂದು ಮಾತು

ಕಾರವಾರದಲ್ಲಿ ಕೂತು ಆ್ಯಪ್‌ನಲ್ಲಿ ಜನರನ್ನ ಹುಡುಕೋ ದೂರ 30 ಕಿಲೋಮೀಟರ್ ಅಂತ ಇಟ್ಟರೆ ಏನಾಗುತ್ತೆ ಗೊತ್ತಾ? ಅರ್ಧ ವೃತ್ತ ಸಮುದ್ರಕ್ಕೇ ಹೋಯ್ತು! ಉಳಿದದ್ದರಲ್ಲಿ ಗಡಿ ದಾಟಿ ಗೋವಾದ ಕಾಣಕೋಣದವರೂ ಬರ್ತಾರೆ. ಶಿರಸಿಯವರು ಹುಬ್ಬಳ್ಳಿ ಸಿಗೋವಷ್ಟು, ಅಂದ್ರೆ 100ರ ತನಕ ಏರಿಸಿ.

ಟಿಂಡರ್‌ನಲ್ಲಿ ಜನ ಜಾಸ್ತಿ, ಆದ್ರೆ ಫೋಟೋ ನೋಡಿ ಬೇಕು-ಬೇಡ ಅಂತ ಬೆರಳಲ್ಲಿ ಆಚೀಚೆ ತಳ್ಳೋದೇ ಕೆಲಸ. ನನಗೆ ಹಿಡಿಸಿದ್ದು ಹಿಂಜ್. ಅಲ್ಲಿ ಒಬ್ಬರು ತಮ್ಮ ಪ್ರೊಫೈಲ್‌ನಲ್ಲಿ ಪ್ರಶ್ನೆಗಳಿಗೆ ಬರೆದ ಉತ್ತರಕ್ಕೇ ನೇರವಾಗಿ ಪ್ರತಿಕ್ರಿಯೆ ಕೊಡಬಹುದು. "ತೊಡೆದೇವು ಒಂದೇ ಸಲಕ್ಕೆ ಎಷ್ಟು ತಿಂತೀರಿ?" ಅಂತ ಕೇಳಿ ಶುರುವಾದ ಮಾತು ನನ್ನದು ಒಂದು ವಾರ ನಡೀತು. ಬಂಬಲ್‌ನಲ್ಲಿ ಗಂಡು-ಹೆಣ್ಣು ಇಬ್ಬರೂ ಒಪ್ಪಿ ಜೋಡಿಯಾದ್ರೆ ಮಾತಿಗೆ ಮೊದಲ ಹೆಜ್ಜೆ ಹುಡುಗಿಯದ್ದು. ಸಿಕ್ಕಸಿಕ್ಕವರ "ಹಾಯ್"ಗೆ ಬೇಸತ್ತವರಿಗೆ ಅದೇ ಸರಿ.

ನಮ್ಮ ಊರಲ್ಲಿ ದೊಡ್ಡ ತಲೆನೋವು ಬೇರೆ. ಮೂರನೇ ಫೋಟೋಗೇ ಅತ್ತೆ ಮಗ ಎದುರಾಗ್ತಾನೆ, ಮಾರಾಯ್ರೆ! ಟಿಂಡರ್ ಸೆಟ್ಟಿಂಗ್ಸ್‌ನಲ್ಲಿ ಪರಿಚಿತರ ನಂಬರ್‌ಗಳನ್ನ ಬ್ಲಾಕ್ ಮಾಡೋ ಆಯ್ಕೆ ಇದೆ, ಮೊದಲ ದಿನವೇ ಮಾಡ್ಕೊಳ್ಳಿ.

ದುಡ್ಡು ಕಟ್ಟೋದು ಆಮೇಲೆ. ಎರಡು ವಾರ ಬಿಟ್ಟಿ ಬಳಸಿ, ನಿಮ್ಮ ಕಡೆ ಜನ ಇದಾರಾ ನೋಡಿ. ಭೇಟಿಗೂ ಮುಂಚೆ ಯಾರಾದ್ರೂ ದುಡ್ಡು ಕೇಳಿದ್ರೆ ಬ್ಲಾಕ್ ಮಾಡಿ. ಕಳಿಸಿಬಿಟ್ಟಿದ್ರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.