ಸಂಶೋಧನೆಯ ಪ್ರಭಾವ ಅಳೆಯುವುದು ಹೇಗೆ? ನಮ್ಮೂರ ಕೆರೆಗಳಿಂದ ಶುರು ಮಾಡಿ

ಬಡ್ತಿ ಅರ್ಜಿ ತುಂಬುವ ಅಧ್ಯಾಪಕರು, ಪಿಎಚ್‌ಡಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳು, ಕಾಲೇಜು ಲೈಬ್ರರಿ ನೋಡಿಕೊಳ್ಳುವವರು ಎಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಎಷ್ಟು ಪೇಪರ್, ಎಷ್ಟು ಸೈಟೇಶನ್ (ಅಂದರೆ ಆ ಪೇಪರನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ)? ಎಣಿಸುವುದು ಸುಲಭ. ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಎಂದು ತಿಳಿಯುವುದೇ ಕಷ್ಟದ ಕೆಲಸ. ಅಲ್ಲಿ ಎಡವಿದರೆ ಒಳ್ಳೆಯ ಸಂಶೋಧಕರಿಗೆ ಅನ್ಯಾಯವಾಗುತ್ತದೆ.

ಹೀಗೆ ಎಣಿಸಿ ಅಳೆಯುವ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟಿದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಲೈಬ್ರರಿ ಕೆಲಸಕ್ಕೂ ಲೆಕ್ಕಾಚಾರದ ಶಾಸ್ತ್ರ ಬೇಕು ಎಂದು ಹೇಳಿ, ಅದನ್ನು ಲೈಬ್ರಾಮೆಟ್ರಿ ಎಂದು ಕರೆದರು. 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಡಿಯಲ್ಲಿ ಅವರು ಇಲ್ಲಿ ಕಟ್ಟಿದ ಡಿಆರ್‌ಟಿಸಿ (ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್) ಈಗ ಮೈಸೂರು ರಸ್ತೆಯ ಕ್ಯಾಂಪಸ್‌ನಲ್ಲಿದೆ.

ಅಳೆಯುವ ಬಗೆ ತಿಳಿಯಲು ನಮ್ಮೂರ ಕೆರೆಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೊದಲು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. "ಕೆರೆ ಸಂಶೋಧನೆ" ಎಂದರೆ ಸಾಲದು. "2005ರಿಂದ 2024ರವರೆಗೆ ಬೆಂಗಳೂರಿನ ಕೆರೆಗಳ ಬಗ್ಗೆ ಯಾವ ಸಂಸ್ಥೆಗಳು ಏನು ಬರೆದಿವೆ, ಅದನ್ನು ಯಾರು ಬಳಸಿದ್ದಾರೆ?" ಎಂದರೆ ಕೆಲಸಕ್ಕೆ ಒಂದು ಗಡಿ ಸಿಗುತ್ತದೆ.

ಆಮೇಲೆ ಮಾಹಿತಿಯ ಮೂಲ. ಪೇಪರ್, ಸೈಟೇಶನ್‌ಗಳ ಡೇಟಾಬೇಸ್‌ಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್ ಪೂರ್ತಿ ಬಳಸಲು ಸಂಸ್ಥೆ ಚಂದಾ ಕಟ್ಟಿರಬೇಕು. 2022ರಲ್ಲಿ ಬಂದ ಓಪನ್‌ಅಲೆಕ್ಸ್‌ನ ಮಾಹಿತಿ ಎಲ್ಲರಿಗೂ ಮುಕ್ತ. ಗೂಗಲ್ ಸ್ಕಾಲರ್ ಹರವು ದೊಡ್ಡದು, ಆದರೆ ಒಟ್ಟಿಗೆ ಡೌನ್‌ಲೋಡ್ ಮಾಡಿಕೊಳ್ಳುವುದು ಕಷ್ಟ. ಯಾವುದಾದರೂ ಒಂದನ್ನು ಆರಿಸಿ, ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಿ. ಒಬ್ಬರ ಸ್ಕಾಲರ್ ಲೆಕ್ಕವನ್ನು ಇನ್ನೊಬ್ಬರ ಸ್ಕೋಪಸ್ ಲೆಕ್ಕದ ಪಕ್ಕ ಇಡಲೇಬೇಡಿ.

ಈಗ ಹುಡುಕಾಟ. ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೇ. ಇಂಗ್ಲಿಷಿನಲ್ಲಿ ನಗರದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಪೇಪರ್‌ಗಳಲ್ಲಿ ಬ್ಯಾಂಗಲೋರ್ ಜಾಸ್ತಿ, ನಂತರದವುಗಳಲ್ಲಿ ಎರಡೂ ಇವೆ. ಹಾಗಾಗಿ ಎರಡನ್ನೂ ಹಾಕಿ ಹುಡುಕಬೇಕು. ಕೆರೆಗೂ ಲೇಕ್, ಟ್ಯಾಂಕ್, ವೆಟ್‌ಲ್ಯಾಂಡ್ ಮೂರೂ ಬೇಕು. ಟ್ಯಾಂಕ್ ಎಂದು ಹುಡುಕಿದಾಗ ಮನೆ ಮೇಲಿನ ನೀರಿನ ಟ್ಯಾಂಕ್, ಪೆಟ್ರೋಲ್ ಟ್ಯಾಂಕ್ ಕುರಿತ ಪೇಪರ್‌ಗಳೂ ನುಗ್ಗುತ್ತವೆ. ಹಿಮಾಲಯದ ಸರೋವರಗಳ ಬಗ್ಗೆ ಬರೆದವರ ವಿಳಾಸ ಬೆಂಗಳೂರಾಗಿದ್ದರೆ ಆ ಪೇಪರೂ ಬರುತ್ತದೆ. ಶೀರ್ಷಿಕೆ, ಸಾರಾಂಶ ಓದಿ ಒಂದೊಂದನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ.

ನಮ್ಮವರ ಹೆಸರುಗಳೂ ತೊಂದರೆ ಕೊಡುತ್ತವೆ. ಊರು, ಅಪ್ಪನ ಹೆಸರು, ತನ್ನ ಹೆಸರು ಎಂದು ಬರೆಯುವ ಪದ್ಧತಿ ನಮ್ಮದು. ಡೇಟಾಬೇಸ್ ಕೊನೆಯ ಪದವನ್ನು ಮನೆತನದ ಹೆಸರು ಎಂದುಕೊಳ್ಳುತ್ತದೆ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬಂದರೆ ಒಬ್ಬರೇ ಮೂವರಾಗುತ್ತಾರೆ. ಇಬ್ಬರು ಬೇರೆ ಬೇರೆ ಮಂಜುನಾಥರು ಒಬ್ಬರಾಗಿಬಿಡುವುದೂ ಉಂಟು. ಈ ಗೊಂದಲ ತಪ್ಪಿಸಲು ಸಂಶೋಧಕರಿಗೆ ತಮ್ಮದೇ ಗುರುತಾಗಿ 16 ಅಂಕಿಗಳ ಆರ್ಕಿಡ್ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಇನ್ನೂ ಮಾಡಿಸಿಕೊಳ್ಳದವರು ಇವತ್ತೇ ಮಾಡಿಸಿಕೊಳ್ಳಿ.

ಪಟ್ಟಿ ಶುದ್ಧವಾದ ಮೇಲೆ ಎಣಿಕೆ. ವರ್ಷಕ್ಕೆ ಎಷ್ಟು, ಯಾವ ಜರ್ನಲ್, ಯಾವ ಸಂಸ್ಥೆ ಎಂಬುದಕ್ಕೆ ಎಕ್ಸೆಲ್ ಸಾಕು. ಒಂದು ಪೇಪರಿನಲ್ಲಿ ನಾಲ್ಕು ಸಂಸ್ಥೆಗಳಿದ್ದರೆ ಪ್ರತಿಯೊಂದಕ್ಕೂ ಕಾಲು ಭಾಗ ಕೊಡುವುದು ನ್ಯಾಯ. ಯಾರು ಯಾರ ಜೊತೆ ಸೇರಿ ಬರೆಯುತ್ತಾರೆ ಎಂಬ ನಕ್ಷೆ ಬೇಕಿದ್ದರೆ ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ವಿಒಎಸ್‌ವ್ಯೂವರ್ ಎಂಬ ಸಾಫ್ಟ್‌ವೇರ್ ಇದೆ, ಉಚಿತ.

ಇನ್ನು ಪ್ರಭಾವ. ಉದಾಹರಣೆಗೆ, ಒಬ್ಬರ ಹತ್ತು ಪೇಪರ್‌ಗಳಿಗೆ ಬಂದ ಸೈಟೇಶನ್ 120, 30, 12, 8, 6, 4, 3, 1, 0, 0 ಎಂದಿಟ್ಟುಕೊಳ್ಳಿ. ಸರಾಸರಿ 18.4. ಆದರೆ ಎಂಟು ಪೇಪರ್‌ಗಳು ಅದರ ಹತ್ತಿರಕ್ಕೂ ಬಂದಿಲ್ಲ, ಅಲ್ವಾ? ಮೊದಲ ಪೇಪರ್ ಒಂದೇ ಲೆಕ್ಕವನ್ನು ಎಳೆದಿದೆ. ಸಾಲಾಗಿ ಇಟ್ಟು ನಡುವಿನ ಸಂಖ್ಯೆ ನೋಡಿದರೆ 5 (ನಡುವೆ ಇರುವ 6 ಮತ್ತು 4ರ ಸರಾಸರಿ). ಎಚ್-ಇಂಡೆಕ್ಸ್ ಕೂಡ 5, ಯಾಕೆಂದರೆ ಕನಿಷ್ಠ 5 ಸೈಟೇಶನ್ ಪಡೆದ ಪೇಪರ್‌ಗಳು ಐದಿವೆ. ಈ ಅಳತೆಯನ್ನು 2005ರಲ್ಲಿ ಕೊಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಎಚ್-ಇಂಡೆಕ್ಸ್ ಇಳಿಯುವುದೇ ಇಲ್ಲ, ವಯಸ್ಸಾದಂತೆ ಏರುತ್ತಲೇ ಹೋಗುತ್ತದೆ. ಮೂವತ್ತು ವರ್ಷ ಸೇವೆಯಾದವರ ಪಕ್ಕ ನಿನ್ನೆ ಸೇರಿದವರನ್ನು ನಿಲ್ಲಿಸಿ ಈ ಸಂಖ್ಯೆ ಹೋಲಿಸುವುದು ತಪ್ಪು.

ವಿಷಯಗಳ ನಡುವೆಯೂ ಹಾಗೆಯೇ. ಗಣಿತದ ಪೇಪರ್‌ಗೆ ಸೈಟೇಶನ್ ನಿಧಾನವಾಗಿ, ಕಡಿಮೆ ಬರುತ್ತದೆ. ವೈದ್ಯಕೀಯ ಸಂಶೋಧನೆಗೆ ಬೇಗ, ಜಾಸ್ತಿ ಬರುತ್ತದೆ. 2015ರ ಪೇಪರನ್ನು ಅದೇ ವಿಷಯದ 2015ರ ಪೇಪರ್‌ಗಳ ಜೊತೆಗೇ ಇಟ್ಟು ನೋಡಿ. ತಾವೇ ತಮ್ಮನ್ನು ಉಲ್ಲೇಖಿಸಿಕೊಂಡದ್ದನ್ನು ಬೇರೆ ಕಾಲಂನಲ್ಲಿ ತೋರಿಸಿ.

ಇಂಪ್ಯಾಕ್ಟ್ ಫ್ಯಾಕ್ಟರ್ ಇಡೀ ಜರ್ನಲ್‌ನ ಸರಾಸರಿ. 2023 ಮತ್ತು 2024ರಲ್ಲಿ ಒಟ್ಟು 200 ಪೇಪರ್ ಹಾಕಿದ ಜರ್ನಲ್‌ನ ಆ ಪೇಪರ್‌ಗಳಿಗೆ 2025ರಲ್ಲಿ 600 ಸೈಟೇಶನ್ ಬಂದರೆ ಅದು 3. ಅದರೊಳಗಿನ ಒಂದು ಪೇಪರಿನ ಯೋಗ್ಯತೆ ಇದರಿಂದ ತಿಳಿಯುವುದಿಲ್ಲ. ಒಬ್ಬ ಸಂಶೋಧಕನನ್ನು ಈ ಸಂಖ್ಯೆಯಿಂದ ಅಳೆಯಬೇಡಿ ಎಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಸ್ಪಷ್ಟವಾಗಿ ಹೇಳಿತು. ಆಯ್ಕೆ ಸಮಿತಿಯಲ್ಲಿ ಕೂರುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟಾದ ಮೇಲೆ ಓದಬೇಕು. ಉಲ್ಲೇಖಿಸಿದ ಕೆಲವು ಪೇಪರ್‌ಗಳನ್ನು ತೆರೆದು, ಆ ಸಾಲು ಹುಡುಕಿ. ಹೊಗಳಿದ್ದಾರಾ, ತಪ್ಪು ಎತ್ತಿ ತೋರಿಸಿದ್ದಾರಾ, ಸುಮ್ನೆ ಹತ್ತು ಹೆಸರುಗಳ ಸಾಲಿಗೆ ಸೇರಿಸಿದ್ದಾರಾ? ಸೈಟೇಶನ್‌ನಲ್ಲಿ ಕಾಣದ ಪ್ರಭಾವವೂ ಇದೆ. ಸಿ. ವಿ. ರಾಮನ್ ತಮ್ಮ ಶೋಧವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು, ಆಮೇಲೆ ಅದು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು. ಇವತ್ತು ರಾಮನ್ ಸ್ಪೆಕ್ಟ್ರೋಸ್ಕೋಪಿ ಬಳಸುವ ಎಷ್ಟೋ ಪೇಪರ್‌ಗಳು ಆ ಲೇಖನವನ್ನು ಉಲ್ಲೇಖಿಸುವುದೇ ಇಲ್ಲ, ಹೆಸರೇ ಸಾಕಾಗಿದೆ. ಕೆರೆಗಳ ವಿಷಯದಲ್ಲಿ ಐಐಎಸ್‌ಸಿ ಪರಿಸರ ವಿಜ್ಞಾನ ಕೇಂದ್ರದ ತಾಂತ್ರಿಕ ವರದಿಗಳಿವೆ. ಬೆಳ್ಳಂದೂರು ಕೆರೆಯ ವಿಚಾರಣೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ನಡೆದಿದೆ. ವರದಿಗಳು, ಆದೇಶಗಳು, ಕನ್ನಡ ಪತ್ರಿಕೆಗಳ ಸುದ್ದಿ ಇವುಗಳಿಗೆ ಬೇರೆ ಪಟ್ಟಿಯನ್ನೇ ಮಾಡಿ.

ಫಲಿತಾಂಶದ ಜೊತೆ ಯಾವ ಡೇಟಾಬೇಸ್, ಯಾವ ದಿನ ಇಳಿಸಿಕೊಂಡದ್ದು, ಹುಡುಕಿದ ಪದಗಳು, ಎಷ್ಟು ಪೇಪರ್ ಯಾಕೆ ತೆಗೆದಿರಿ ಎಂಬುದನ್ನೂ ಬರೆಯಿರಿ. ಶೀಟನ್ನು ಹಾಗೇ ಉಳಿಸಿ, ಪಟ್ಟಿಯಲ್ಲಿರುವ ಸಂಶೋಧಕರು ತಮ್ಮ ಸಾಲನ್ನು ನೋಡಿ ತಿದ್ದಲು ಅವಕಾಶ ಕೊಡಿ.